ಪಿ = 0.03 ಬಂದರೆ ನನ್ನ ಊಹೆ 97% ನಿಜವೇ?

ಪ್ರಶ್ನೆ: ಸರ್, ಎಂ.ಎ. ಡಿಸರ್ಟೇಶನ್‌ಗಾಗಿ ಧ್ಯಾನ ಮಾಡುವ ವಿದ್ಯಾರ್ಥಿಗಳನ್ನೂ ಮಾಡದವರನ್ನೂ ಹೋಲಿಸಿದ್ದೇನೆ. ಧ್ಯಾನ ಮಾಡುವವರಲ್ಲಿ ಪರೀಕ್ಷೆಯ ಆತಂಕ ಕಡಿಮೆ ಇದೆ. ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಪಿ = 0.03 ಬಂತು. ಧ್ಯಾನದಿಂದ ಆತಂಕ ಇಳಿಯುತ್ತದೆ ಎನ್ನುವುದು 97% ಖಚಿತ ಎಂದು ಬರೆಯಬಹುದಲ್ಲವೇ?

ಉತ್ತರ: ಬರೆಯಬೇಡಿ. ಡಿಸರ್ಟೇಶನ್ ಸಲ್ಲಿಸುವ ಕಾಲ ಬಂತೆಂದರೆ ಈ ಪ್ರಶ್ನೆಯೂ ಬಂತು ಅಂತಲೇ. ಅಂಕಿ ಮಾತ್ರ ಬೇರೆ ಬೇರೆ: ಒಬ್ಬರದು 96%, ಇನ್ನೊಬ್ಬರದು 99%. ಇನ್ನೊಂದು ಸಲ ಹೇಳುತ್ತೇನೆ, ದಯವಿಟ್ಟು ಈ ಸಲ ಬರೆದಿಟ್ಟುಕೊಳ್ಳಿ.

ಎರಡು ಗುಂಪುಗಳ ನಡುವೆ ನಿಜಕ್ಕೂ ಏನೂ ವ್ಯತ್ಯಾಸವಿಲ್ಲ ಎಂದು ಸದ್ಯಕ್ಕೆ ಒಪ್ಪಿಕೊಳ್ಳಿ. ಅದೇ ನಲ್ ಹೈಪಾಥಿಸಿಸ್. ಹಾಗಿದ್ದರೂ ಸ್ಯಾಂಪಲ್‌ಗೆ ಯಾರು ಸಿಕ್ಕರು ಎಂಬ ಆಕಸ್ಮಿಕದಿಂದಲೇ, ನಿಮಗೆ ಸಿಕ್ಕಷ್ಟು ಅಥವಾ ಅದಕ್ಕಿಂತ ದೊಡ್ಡ ಅಂತರ 100ಕ್ಕೆ 3 ಸಲ ಕಾಣಬಹುದು. 0.03 ಹೇಳುವುದು ಇಷ್ಟೇ. ವ್ಯತ್ಯಾಸವಿಲ್ಲ ಎಂದು ಒಪ್ಪಿಕೊಂಡೇ ಹಾಕಿದ ಲೆಕ್ಕ, ಆ ಒಪ್ಪಿಗೆ ಎಷ್ಟು ಸರಿ ಎಂದು ಹೇಳುವುದಾದರೂ ಹೇಗೆ? ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ, ನಿಜ. ಅಂಗಳ ಒದ್ದೆಯಿದೆ ಎಂದಮಾತ್ರಕ್ಕೆ ಮಳೆ ಬಂದಿದೆ ಎನ್ನಲಾಗದು. ರಂಗೋಲಿ ಹಾಕಲು ಯಾರೋ ನೀರು ಚಿಮುಕಿಸಿರಬಹುದು.

ಇದನ್ನು ಲೆಕ್ಕದಲ್ಲೇ ನೋಡೋಣ. ಸಂಶೋಧಕರು 1000 ಊಹೆಗಳನ್ನು ಪರೀಕ್ಷಿಸುತ್ತಾರೆ, ಅವುಗಳಲ್ಲಿ 100 ಮಾತ್ರ ನಿಜ ಎನ್ನಿ. ಪ್ರಯೋಗಗಳ ಪವರ್, ಅಂದರೆ ನಿಜವಾದ ಅಂತರವನ್ನು ಹಿಡಿಯುವ ಸಾಧ್ಯತೆ, 80% ಇದ್ದರೆ ನಿಜವಾದವುಗಳಲ್ಲಿ 80 ಸಿಕ್ಕಿಬೀಳುತ್ತವೆ. ಉಳಿದ 900 ಸುಳ್ಳು ಊಹೆಗಳಲ್ಲಿ 5%, ಅಂದರೆ 45, ಆಕಸ್ಮಿಕವಾಗಿ 0.05ರ ಗೆರೆ ದಾಟುತ್ತವೆ (ಪಿ ಅದಕ್ಕಿಂತ ಕಡಿಮೆ ಬಂದರೆ 'ಸಿಗ್ನಿಫಿಕೆಂಟ್' ಎನ್ನುವುದು ರೂಢಿ). ಒಟ್ಟು 125 'ಸಿಗ್ನಿಫಿಕೆಂಟ್' ಫಲಿತಾಂಶ, ಅದರಲ್ಲಿ 45 ಪೊಳ್ಳು. 36%! ಪವರ್ 35%ಕ್ಕೆ ಇಳಿದರೆ ನಿಜವಾದವು 35, ಪೊಳ್ಳು ಅದೇ 45. ನಿಮ್ಮ ಊಹೆ ನಿಜವಾಗಿರುವ ಸಾಧ್ಯತೆ ಎಷ್ಟು ಎನ್ನುವುದು ಮೊದಲೇ ಅದು ಎಷ್ಟು ನಂಬುವಂಥದ್ದಾಗಿತ್ತು, ಪ್ರಯೋಗ ಎಷ್ಟು ಗಟ್ಟಿಯಾಗಿತ್ತು ಎಂಬುದರ ಮೇಲೂ ನಿಂತಿದೆ. ಪಿ ಒಂದರಿಂದಲೇ ಅದು ಹೊರಡುವುದಿಲ್ಲ. 2015ರಲ್ಲಿ ಮನಃಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ 97% ಸಿಗ್ನಿಫಿಕೆಂಟ್ ಆಗಿದ್ದವು, ಎರಡನೇ ಸಲ 36%.

ನಿಮ್ಮೊಬ್ಬರದೇ ತಪ್ಪಲ್ಲ ಬಿಡಿ. ಹಾಲರ್ ಮತ್ತು ಕ್ರೌಸ್ ಎಂಬವರು ಜರ್ಮನಿಯ ಮನಃಶಾಸ್ತ್ರ ವಿಭಾಗಗಳಲ್ಲಿ ಇಂಥದೇ ಆರು ವಾಕ್ಯ ಕೊಟ್ಟು ಸರಿಯೋ ತಪ್ಪೋ ಹೇಳಿ ಎಂದರು. ಆರೂ ತಪ್ಪು. ವಿದ್ಯಾರ್ಥಿಗಳಲ್ಲಿ ಒಬ್ಬರೂ ಪಾರಾಗಲಿಲ್ಲ. ಪಾಠ ಹೇಳುವವರಲ್ಲೇ 80% ಜನ ಕನಿಷ್ಠ ಒಂದಕ್ಕೆ ಬಿದ್ದರು! ಇದು 2002ರ ಮಾತು. 0.05 ಎಂಬ ಗೆರೆಯೂ ದೇವರು ಎಳೆದದ್ದಲ್ಲ. 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ಅದನ್ನು ಅನುಕೂಲಕ್ಕೆಂದು ಸೂಚಿಸಿದ್ದು. ಆಗ ಅವರು ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರವೊಂದರಲ್ಲಿ ಬೆಳೆ-ಗೊಬ್ಬರದ ಲೆಕ್ಕ ನೋಡುತ್ತಿದ್ದರು.

ಹಾಗಾದರೆ ಏನು ಬರೆಯಬೇಕು? ಎರಡೂ ಗುಂಪಿನ ಸರಾಸರಿ, ಅಂತರ, ಅದರ 95% ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅಂತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅಂದಾಜು), ಪಿ. ಧ್ಯಾನ'ದಿಂದ' ಎಂಬುದನ್ನು ತೆಗೆಯಿರಿ, ಏಕೆಂದರೆ ಯಾರು ಧ್ಯಾನ ಮಾಡಬೇಕೆಂದು ಚೀಟಿ ಎತ್ತಿ ನಿರ್ಧರಿಸಿದವರು ನೀವಲ್ಲ. ಸಮಾಧಾನದ ಸ್ವಭಾವದವರೇ ಧ್ಯಾನಕ್ಕೆ ಕೂತಿರಬಹುದು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಗುಂಪಿಗೆ 30 ಜನ ಸಾಕು ಎಂದು ನಿಮ್ಮ ಗೈಡ್ ಹೇಳಿರಬೇಕು. ಎಲ್ಲ ಗೈಡ್‌ಗಳೂ ಹೇಳುತ್ತಾರೆ. ಸಣ್ಣ ಸ್ಯಾಂಪಲ್‌ಗೆ ಬಳಸುವ ಟಿ-ಕೋಷ್ಟಕದ ಅಂಕಿ 30ರ ಹೊತ್ತಿಗೆ 2.04ಕ್ಕೆ ಇಳಿದು, ದೊಡ್ಡ ಸ್ಯಾಂಪಲ್‌ಗೆ ಬಳಸುವ ನಾರ್ಮಲ್ ಕರ್ವ್‌ನ 1.96ರ ಹತ್ತಿರ ಬರುತ್ತದೆ, ಅಷ್ಟೆ. ನಿಜವಾದ ಅಂತರವನ್ನು ಹಿಡಿಯಲು ಅಷ್ಟು ಜನ ಸಾಕು ಎಂದು ಅದರರ್ಥವಲ್ಲ. ಮಧ್ಯಮ ಗಾತ್ರದ ಪರಿಣಾಮಕ್ಕೆ, ಅಂದರೆ ಮನಃಶಾಸ್ತ್ರಜ್ಞ ಕೋಹೆನ್ ಹೇಳುವ 0.5ಕ್ಕೆ (ಅಂತರವು ಸ್ಟ್ಯಾಂಡರ್ಡ್ ಡೀವಿಯೇಶನ್‌ನ, ಅಂದರೆ ಅಂಕಗಳ ಸಾಮಾನ್ಯ ಹರಡುವಿಕೆಯ, ಅರ್ಧದಷ್ಟು), 80% ಪವರ್ ಬೇಕಿದ್ದರೆ ಗುಂಪಿಗೆ 64 ಜನ ಬೇಕು. 30 ಜನರಿದ್ದರೆ ಪವರ್ ಅರ್ಧಕ್ಕೂ ತುಸು ಕಡಿಮೆ. ಪರಿಣಾಮ 0.2ರಷ್ಟು ಸಣ್ಣದಾದರೆ ಗುಂಪಿಗೆ 394. ಅಷ್ಟು ಜನರನ್ನು ಎಲ್ಲಿಂದ ತರಲಿ ಎನ್ನುವಿರಿ. ಅದೇ ವಿದ್ಯಾರ್ಥಿಗಳನ್ನು ಎರಡು ಸಲ, ಧ್ಯಾನಕ್ಕೆ ಮೊದಲು ಮತ್ತು ಆಮೇಲೆ, ಅಳೆಯಿರಿ. ಎರಡು ಅಳತೆಗಳ ನಡುವೆ 0.5ರಷ್ಟು ಕೋರಿಲೇಶನ್ (ಪರಸ್ಪರ ಸಂಬಂಧ) ಇದ್ದರೆ, 0.5ರ ಪರಿಣಾಮಕ್ಕೆ ಒಟ್ಟು 34 ಜನ ಸಾಕು. ಎರಡನೇ ಅಳತೆಯನ್ನು ಮಾತ್ರ ಪರೀಕ್ಷೆ ಮುಗಿದ ಮೇಲೆ ಇಟ್ಟುಕೊಳ್ಳಬೇಡಿ. ಆಗ ಎಲ್ಲರ ಆತಂಕವೂ ಇಳಿದಿರುತ್ತದೆ, ಧ್ಯಾನ ಮಾಡಿದ್ದರೂ ಮಾಡದಿದ್ದರೂ.