ಸೆನ್ಸರ್‌ಗೆ ಸುಳ್ಳು ಹೇಳಿ ಗಾಡಿ ಇಳ್ಸಿದ್ರೆ

"ಬರೀ ಲಿಂಕ್ ಬದಲಾಯ್ಸಿದ್ದು ಸರ್, ಸಸ್ಪೆನ್ಷನ್ ಯಾರೂ ಮುಟ್ಟಿಲ್ಲ."

ಏರ್ ಸಸ್ಪೆನ್ಷನ್, ಅಂದ್ರೆ ಉಕ್ಕಿನ ಸ್ಪ್ರಿಂಗ್ ಬದ್ಲು ಗಾಳಿ ಚೀಲದ ಮೇಲೆ ಕೂರೋ ದೊಡ್ಡ ಎಸ್‌ಯುವಿಯ ಎತ್ತರ ಇಳಿಸ್ಕೊಂಡು ನನ್ನ ಹತ್ರ ಬರೋರಲ್ಲಿ ಹೆಚ್ಚಿನವರು, ಗಾಡಿ ಇನ್ನೂ ಲಿಫ್ಟ್ ಮೇಲೆ ಏರೋಕ್ ಮುಂಚೆನೇ ಹೇಳೋ ಮಾತಿದು. ಲಿಂಕ್ ಅಂದ್ರೆ ಗಾಡಿಯ ಎತ್ತರ ನೋಡ್ಕೊಳ್ಳೋ ಸೆನ್ಸರ್‌ಗೆ ಜೋಡಿಸಿರೋ ಸಣ್ಣ ಕಡ್ಡಿ. ಮೂಸಿ ನೋಡಿದ್ದಷ್ಟೇ, ತಿಂದಿಲ್ಲ ಅನ್ನೋ ಥರ ಹೇಳ್ತಾರೆ. ಆಮೇಲೆ ನಾನು ಟೈರಿನ ಒಳಗಡೆ ಅಂಚು ತೋರಿಸ್ತೀನಿ, ಅಲ್ಲಿ ತಂತಿ ಕಾಣ್ತಿರುತ್ತೆ, ಹೊರಗಡೆ ಅಂಚು ನಿನ್ನೆ ಹಾಕಿದ್ದೇನೋ ಅನ್ನೋ ಹಾಗಿರುತ್ತೆ, ಆಗ "ಈ ಟೈರ್ ಕಂಪನಿನೇ ಸರಿಯಿಲ್ಲ ಸರ್" ಅಂತಾರೆ. ನಗಬೇಕೋ ಬೈಬೇಕೋ ಗೊತ್ತಾಗಲ್ಲ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಗಾಡಿ ಇಳ್ಸೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ನೋಡೋಕೆ ಚೆನ್ನಾಗಿರುತ್ತೆ, ನಂಗೂ ಇಷ್ಟ. ಲಾಭನೂ ಇದೆ. ಎರಡು ಚಕ್ರದ ನಡುವಿನ ಅಗಲವನ್ನ ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದ್ರೆ ಒಂದು ಸಂಖ್ಯೆ ಬರುತ್ತೆ, ಅದು ಹೆಚ್ಚಿದ್ದಷ್ಟೂ ಗಾಡಿ ಮಗುಚೋದು ಕಷ್ಟ, ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2001ರಲ್ಲಿ ಗಾಡಿ ಮಗುಚೋ ಅಪಾಯಕ್ಕೆ ರೇಟಿಂಗ್ ಕೊಡೋಕೆ ಶುರು ಮಾಡಿದಾಗ ಆಧಾರ ಮಾಡ್ಕೊಂಡಿದ್ದು ಇದನ್ನೇ. ಅಗಲ 1.68 ಮೀಟರ್, ಎತ್ತರ 0.70 ಅಂತ ಇಟ್ಕೊಳ್ಳಿ, 1.20 ಬರುತ್ತೆ. ಬಾಡಿ 30 ಮಿ.ಮೀ. ಇಳ್ಸಿದ್ರೆ ಚಕ್ರ, ಹಬ್, ಬ್ರೇಕ್ ಎಲ್ಲಾ ಇದ್ದಲ್ಲೇ ಇರೋದ್ರಿಂದ ಒಟ್ಟು ಕೇಂದ್ರ ಸುಮಾರು 25 ಇಳಿಯುತ್ತೆ, ಆಗ 1.24. ಲಾಭ ನಿಜ, ಆದ್ರೆ ಇಷ್ಟೇ. ಸ್ಪೋರ್ಟ್ಸ್ ಕಾರ್ ಆಗಿಬಿಡಲ್ಲ. ಅದೂ ಅಲ್ದೆ ಎಷ್ಟೋ ಗಾಡಿಗಳಲ್ಲಿ, ಅದರಲ್ಲೂ ಮುಂದೆ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಒಂದೇ ಕಂಬದಲ್ಲಿರೋದು) ಇದ್ರೆ, ಬಾಡಿ ಇಳಿದಿದ್ದಕ್ಕಿಂತ ಜಾಸ್ತಿ ರೋಲ್ ಸೆಂಟರ್, ಅಂದ್ರೆ ತಿರುವಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಅದು, ಇಳಿದುಬಿಡುತ್ತೆ, ಹಾಗಾಗಿ ತಿರುವಲ್ಲಿ ಓಲಾಡೋದು ಕಮ್ಮಿಯಾಗೋ ಬದ್ಲು ಜಾಸ್ತಿನೂ ಆಗ್ಬಹುದು. ಅದು ಬೇರೆ ಕಥೆ, ಬಿಡಿ.

ಈಗ ಲಿಂಕ್ ವಿಷ್ಯಕ್ಕೆ ಬರೋಣ. ಹೈಟ್ ಸೆನ್ಸರ್ ಅಂತ ಹೆಸರಿದ್ರೂ ಅದು ಎತ್ತರ ಅಳೆಯಲ್ಲ ಸ್ವಾಮಿ! ಅದಕ್ಕೆ ರಸ್ತೆ ಕಾಣಲ್ಲ. ಬಾಡಿ ಮೇಲೆ ಕೂತಿರೋ ಸೆನ್ಸರ್ ಇಂದ, ಚಕ್ರವನ್ನ ಬಾಡಿಗೆ ಜೋಡಿಸೋ ಸಸ್ಪೆನ್ಷನ್ ಆರ್ಮ್‌ಗೆ ಈ ಲಿಂಕ್ ಅನ್ನೋ ಸಣ್ಣ ಕಡ್ಡಿ ಹೋಗಿರುತ್ತೆ, ಆರ್ಮ್ ಎಷ್ಟು ಕೋನಕ್ಕೆ ತಿರುಗಿದೆ ಅನ್ನೋದಷ್ಟೇ ಅದಕ್ಕೆ ಗೊತ್ತು. ಆ ಕಡ್ಡಿಯ ಉದ್ದ ಬದಲಾಯ್ಸಿದ್ರೆ "ಗಾಡಿ ಮೇಲಿದೆ" ಅಂತ ಕಂಪ್ಯೂಟರ್ ನಂಬುತ್ತೆ, ಗಾಳಿ ಬಿಡುತ್ತೆ, ಗಾಡಿ 35 ಮಿ.ಮೀ. ಕೂರುತ್ತೆ, ಡ್ಯಾಶ್‌ಬೋರ್ಡಲ್ಲಿ ಮಾತ್ರ "ನಾರ್ಮಲ್" ಅಂತ ತೋರಿಸ್ತಾನೇ ಇರುತ್ತೆ. ನೀವು ಸಸ್ಪೆನ್ಷನ್ ಮುಟ್ಟಿಲ್ಲ, ಸರಿ, ಅದರ ಕಣ್ಣಿಗೆ ಬಟ್ಟೆ ಕಟ್ಟಿದ್ದೀರಿ.

"ಹೈವೇಲಿ ಗಾಡಿ ತಾನೇ ಇಳಿಯುತ್ತಲ್ಲ ಸರ್, ಕಂಪನಿಯವರೇ ಮಾಡಿರೋದು, ಅದೇ ತಾನೆ ಇದು?" ಅಲ್ಲ. ಕಂಪನಿ ಇಳ್ಸೋದು ಸಾಮಾನ್ಯವಾಗಿ 15-20 ಮಿ.ಮೀ., ಅದೂ ವೇಗ ಏರಿದಾಗ, ವೇಗ ಕಮ್ಮಿಯಾದ್ರೆ ವಾಪಸ್ ಎತ್ತುತ್ತೆ. ಇಳಿದಿದೀನಿ ಅಂತ ಅದಕ್ಕೆ ಗೊತ್ತಿರುತ್ತೆ. ನಿಮ್ಮ ಲಿಂಕ್ ಹಾಕಿದ್ಮೇಲೆ ಅದಕ್ಕೆ ಗೊತ್ತಿಲ್ಲ, ಹಾಗಾಗಿ ಹೈವೇಲಿ ನಿಮ್ಮ 35ರ ಮೇಲೆ ತನ್ನದೂ 15-20 ಸೇರಿಸಿ ಇಳ್ಸುತ್ತೆ. ಜನ ಹತ್ತಿ ಇಳಿಯೋಕೆ ಸುಲಭ ಆಗ್ಲಿ ಅಂತ ಗಾಡಿ ತಗ್ಗಿಸೋ ಬಟನ್ ಇರುತ್ತಲ್ಲ, ಪಾರ್ಕ್ ಮಾಡಿ ಆ ಹತ್ತಿ ಇಳಿಯೋ ಎತ್ತರದ ಬಟನ್ ಒತ್ತಿದ್ರೆ ಇನ್ನೂ 40-50. ಆ ಹೊತ್ತಲ್ಲಿ ಸ್ಟೀರಿಂಗ್ ಪೂರ್ತಿ ತಿರುಗ್ಸಿದ್ರೆ ಟೈರ್ ಹೋಗಿ ಫೆಂಡರ್ ಒಳಗಿನ ಪ್ಲಾಸ್ಟಿಕ್ ಕೆರೆಯುತ್ತೆ, ಆ ಸದ್ದು ಕೇಳಿ ಗಾಬರಿಯಾಗಿ ಫೋನ್ ಮಾಡ್ತಾರೆ.

ಇದನ್ನ ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗ್ತಿಲ್ಲ, ಆದ್ರಿಂದ ಲೆಕ್ಕ ಹಾಕಿ ತೋರಿಸ್ತೀನಿ. ಉದಾಹರಣೆಗೆ ನಾರ್ಮಲ್ ಎತ್ತರದಲ್ಲಿ ಚಕ್ರ ಮೇಲಕ್ಕೆ 90 ಮಿ.ಮೀ. ಹೋಗ್ಬಹುದು, ಅದರಲ್ಲಿ ಕೊನೆಯ 40ರಲ್ಲಿ ಬಂಪ್ ಸ್ಟಾಪ್ ಅನ್ನೋ ರಬ್ಬರ್ ದಿಂಡು ತಾಗೋಕೆ ಶುರುವಾಗುತ್ತೆ ಅಂದ್ಕೊಳ್ಳಿ. ಅಂದ್ರೆ ಆರಾಮಾಗಿ ಆಡೋ ಜಾಗ 50. ನೀವು 35 ಇಳ್ಸಿದ್ರಿ. ಉಳಿದಿದ್ದು ಎಷ್ಟು? 15. ಹೈವೇಲಿ ಅದು ತಾನೇ ಇನ್ನೊಂದು 15 ಇಳಿದ್ರೆ? ಸೊನ್ನೆ. ಅಷ್ಟು ದೊಡ್ಡ ಗಾಡಿ, ಅಷ್ಟು ಮೆತ್ತಗಿನ ಗಾಳಿ ಸ್ಪ್ರಿಂಗ್ ಎಲ್ಲಾ ಇಟ್ಕೊಂಡು ರಬ್ಬರ್ ದಿಂಡಿನ ಮೇಲೆ ಓಡಾಡ್ತಿದ್ದೀರಿ, ಮತ್ತೆ ನನ್ನ ಹತ್ರ ಬಂದು "ಯಾಕೋ ರೈಡ್ ಗಟ್ಟಿ ಅನ್ಸುತ್ತೆ" ಅಂತೀರಿ.

ಇನ್ನೊಂದು ಥರ ಹೇಳ್ತೀನಿ. ಸ್ಪ್ರಿಂಗ್ ತಡೆಯೋ ಪೆಟ್ಟು ಅದು ಓಡೋ ದೂರದ ವರ್ಗಕ್ಕೆ ತಕ್ಕ ಹಾಗಿರುತ್ತೆ. 90 ಇದ್ದಿದ್ದು 55 ಆದ್ರೆ ದೂರ ಉಳಿದಿದ್ದು ಅರವತ್ತು ಚಿಲ್ಲರೆ ಪರ್ಸೆಂಟ್, ತಡೆಯೋ ತಾಕತ್ತು ಮಾತ್ರ 37 ಪರ್ಸೆಂಟ್. ಮೊದಲಿನಷ್ಟೇ ತಡೀಬೇಕು ಅಂದ್ರೆ ಸ್ಪ್ರಿಂಗ್ ಸುಮಾರು 2.7 ಪಟ್ಟು ಗಟ್ಟಿ ಇರ್ಬೇಕು. ಗಾಳಿಯ ಜಾಗ ಕಿರಿದಾದಾಗ ಏರ್ ಸ್ಪ್ರಿಂಗ್ ಸ್ವಲ್ಪ ಗಟ್ಟಿಯಾಗುತ್ತೆ, ಒಪ್ತೀನಿ, ಆದ್ರೆ ಅಷ್ಟೊಂದು ಆಗಲ್ಲ. ಇದಕ್ಕೆ ಕೆಲವರು ಕಂಡ್ಕೊಂಡಿರೋ ಉಪಾಯ ಬಂಪ್ ಸ್ಟಾಪ್‌ನೇ ಅರ್ಧ ಕತ್ತರಿಸೋದು. ದಯವಿಟ್ಟು ಬೇಡ. ಅದು ಅಡ್ಡ ಬಂದಿರೋ ವಸ್ತು ಅಲ್ಲ, ಲೋಹಕ್ಕೆ ಲೋಹ ಬಡೀದೇ ಇರ್ಲಿ ಅಂತ ಇಟ್ಟಿರೋದು.

ಟೈರ್ ವಿಷ್ಯಕ್ಕೆ ಬಂದ್ರೆ ಎಲ್ರೂ ಕ್ಯಾಂಬರ್ ಕ್ಯಾಂಬರ್ ಅಂತಾರೆ, ಚಕ್ರ ಒಳಗೆ ವಾಲಿರೋದು ಕಣ್ಣಿಗೆ ಕಾಣುತ್ತಲ್ಲ, ಅದಕ್ಕೆ. ಟೈರ್ ತಿನ್ನೋದ್ರಲ್ಲಿ ಅದಕ್ಕಿಂತ ಕೆಟ್ಟದ್ದು ಟೋ, ಅಂದ್ರೆ ಮೇಲಿಂದ ನೋಡಿದ್ರೆ ಚಕ್ರದ ಮುಖ ನೇರ ಮುಂದಕ್ಕಿರದೆ ಒಳಗೋ ಹೊರಗೋ ತಿರುಗಿರೋದು. ಗಾಡಿ ಇಳಿದಾಗ ಆರ್ಮ್‌ಗಳ ಕೋನ ಬದಲಾಗಿ ಟೋ ಕಾಲು ಡಿಗ್ರಿ ತಪ್ಪಿದೆ ಅಂದ್ಕೊಳ್ಳಿ, ಆ ಚಕ್ರ ಪ್ರತಿ ಕಿಲೋಮೀಟರಿಗೆ ನಾಲ್ಕು ಮೀಟರಿಗಿಂತ ಜಾಸ್ತಿ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತೆ. ಕ್ಯಾಂಬರ್‌ನಿಂದ ಭಾರ ಒಳ ಅಂಚಿಗೆ ಬಿದ್ದಿರೋದ್ರಿಂದ ಉಜ್ಜೋದೂ ಅಲ್ಲೇ. ಅಷ್ಟೇ, ಟೈರ್ ಕಂಪನಿ ಏನೂ ಮಾಡಿಲ್ಲ.

ಇನ್ನು ಸಣ್ಣಪುಟ್ಟದ್ದು. ಹೆಡ್‌ಲೈಟ್ ಲೆವೆಲ್ ಮಾಡೋದೂ ಸಾಮಾನ್ಯವಾಗಿ ಇದೇ ಸೆನ್ಸರ್ ನೋಡ್ಕೊಂಡು, ಮುಂದಿನ ಲಿಂಕ್ ಹಿಂದಿನ ಲಿಂಕ್ ಹೊಂದದಿದ್ರೆ ಬೆಳಕು ತಪ್ಪು ಜಾಗಕ್ಕೆ ಬೀಳುತ್ತೆ. ಕ್ಯಾಮೆರಾ, ರಾಡಾರ್ ಇರೋ ಗಾಡಿಗೆ ಎತ್ತರ ಬದಲಾದ್ರೆ ಮತ್ತೆ ಕ್ಯಾಲಿಬ್ರೇಟ್ ಮಾಡಿ ಅಂತ ಎಷ್ಟೋ ಕಂಪನಿಗಳು ಮ್ಯಾನ್ಯುಯಲ್‌ನಲ್ಲೇ ಬರೆದಿರ್ತಾರೆ. ಗಾಳಿ ಚೀಲದ ರಬ್ಬರ್ ಇಷ್ಟು ದಿನ ಒಂದು ಕಡೆ ಮಡಚ್ತಿತ್ತು, ಈಗ ಇನ್ನೊಂದು ಕಡೆ ಮಡಚುತ್ತೆ, ಹಳೇ ಚೀಲ ಆದ್ರೆ ಅಲ್ಲಿ ಬಿರುಕು ಬಿಡ್ಬಹುದು, ಸಣ್ಣಗೆ ಗಾಳಿ ಸೋರುತ್ತೆ, ಅದನ್ನ ತುಂಬಿ ತುಂಬಿ ಕೊನೆಗೆ ಕಂಪ್ರೆಸರ್ ಸುಟ್ಟು ಹೋಗುತ್ತೆ. ಎಲ್ಲಾ ಗಾಡಿಗೂ ಹೀಗೇ ಆಗುತ್ತೆ ಅಂತ ಹೇಳಲ್ಲ. ವಾರಂಟಿ, ಇನ್ಶುರೆನ್ಸ್ ನಿಯಮ ನೀವೇ ಓದ್ಕೊಳ್ಳಿ.

ಇಷ್ಟಾದ್ರೂ ಇಳ್ಸಲೇಬೇಕು ಅಂದ್ರೆ 15, ಹೆಚ್ಚಂದ್ರೆ 20 ಮಿ.ಮೀ.ಗೆ ನಿಲ್ಲಿ, ಆರ್ಮ್ ಬೋಲ್ಟ್‌ಗಳನ್ನ ಸಡಿಲ ಮಾಡಿ ಗಾಡಿ ಹೊಸ ಎತ್ತರದಲ್ಲಿ ನಿಂತಿರೋವಾಗ ಮತ್ತೆ ಬಿಗಿ ಮಾಡ್ಸಿ, ಇಲ್ಲಾಂದ್ರೆ ಆರ್ಮ್ ಕೀಲಿನಲ್ಲಿರೋ ಬುಷ್ ರಬ್ಬರ್ ಸದಾ ತಿರುಚ್ಕೊಂಡೇ ಇದ್ದು ಬೇಗ ಹರಿಯುತ್ತೆ. ಆಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್.

ಒಬ್ಬರು ಬಂದಿದ್ರು, ಒಳ್ಳೆ ಮನುಷ್ಯ. ವಯಸ್ಸಾದ ಅಮ್ಮನಿಗೆ ಗಾಡಿ ಹತ್ತೋಕೆ ಕಷ್ಟ ಅಂತ ಲಿಂಕ್ ಹಾಕ್ಸಿದ್ರಂತೆ, ಅಮ್ಮನೂ ಜೊತೇಲಿ ಬಂದು ಕುರ್ಚಿ ಮೇಲೆ ಕೂತಿದ್ರು. ನಾನು ಲಿಂಕ್ ತೆಗೆದು ಕಂಪನಿದು ಹಾಕಿ, ಹತ್ತಿ ಇಳಿಯೋ ಎತ್ತರದ ಬಟನ್ ಒತ್ತಿದೆ. ರೇಂಜ್ ರೋವರಲ್ಲಿ ಏರ್ ಸಸ್ಪೆನ್ಷನ್ ಬಂದ 1992ರಿಂದ್ಲೇ ಇರೋ ಸೌಲಭ್ಯ ಅದು, ಇವರ ಗಾಡೀಲೂ ಇತ್ತು. ಗಾಡಿ ಉಸಿರು ಬಿಟ್ಟು ಮೆಲ್ಲಗೆ ಕೂತ್ಕೊಳ್ತು. ಅಮ್ಮ ನೋಡ್ತಾ ಇದ್ರು, "ಇದು ಮೊದ್ಲಿಂದ್ಲೂ ಇತ್ತೇನೋ?" ಅಂದ್ರು. ಮಗ ಮಾತಾಡ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನನ್ನ ಕೇಳಿದ್ರು, "ಈಗ ವಾಪಸ್ ಮೊದಲಿನ ಹಾಗೇ ಆಯ್ತಲ್ಲ ಸರ್, ಅಲೈನ್‌ಮೆಂಟ್ ಬೇಡ ಅಲ್ವಾ?"

ಬೇಕು. ಲಿಂಕ್ ಹಾಕಿದವನು ಇಳಿದ ಎತ್ತರಕ್ಕೆ ಟೋ ಹೊಂದಿಸಿ ಕಳ್ಸಿದ್ದ, ಈಗ ಎತ್ತರ ಸರಿ ಇದೆ, ಟೋ ತಪ್ಪಿದೆ.