ಕೂಸಿನ ಮದ್ವೆ ಬಂತಲಾ

ಶಿರಸಿ ಪೇಟೆಯ ಒಂದು ಚಹಾ ಅಂಗಡಿ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಇಬ್ಬರ ಮಾತು ಕಿವಿಗೆ ಬಿತ್ತು.

"ಭಾವಾ, ಅಡಿಕೆ ಕೊಟ್ಯಾ?"

"ಕೂಸಿನ ಮದ್ವೆ ಬಂತಲಾ."

"ಹ್ಞೂಂ, ಎಂತ ಮಾಡದು."

ಅಷ್ಟೇ. ಆಮೇಲೆ ಇಬ್ಬರೂ ಕವಳದ, ಅಂದರೆ ಎಲೆಯಡಿಕೆಯ, ಸಂಚಿ ಬಿಚ್ಚಿದರು. ಹೊರಗಿನವರಿಗಾಗಿ ಒಂದು ಮಾತು: ನಮ್ಮ ಕಡೆ ಹವ್ಯಕರಲ್ಲಿ ಕೂಸು ಎಂದರೆ ಹುಡುಗಿ, ಯಾರೂ ಬಾಲ್ಯವಿವಾಹ ಮಾಡಿಸುತ್ತಿಲ್ಲ. ಅಡಿಕೆ ಕೊಡುವುದು ಎಂದರೆ ಮಾರುವುದು.

ಈಗ ನಡುವಿನ ಸಾಲು ನೋಡಿ. ಕೇಳಿದ್ದು ಹೌದು-ಅಲ್ಲ ಎಂದು ಮುಗಿಸಬಹುದಾದ ಪ್ರಶ್ನೆ. ಉತ್ತರದಲ್ಲಿ ಅಡಿಕೆಯ ಸುದ್ದಿಯೇ ಇಲ್ಲ. ಆದರೂ ಕೇಳಿದವರಿಗೆ ತಿಳಿದದ್ದು ಒಂದೆರಡು ಸಂಗತಿಯಲ್ಲ. ಅಡಿಕೆ ಮಾರಿಯಾಗಿದೆ. ದರ ಏರಲಿ ಎಂದು ಕಾಯುವ ಮನಸ್ಸಿತ್ತು, ದುಡ್ಡಿನ ತುರ್ತಿಗೆ ಕಾಯಲಾಗಲಿಲ್ಲ. ಅದರ ಬಗ್ಗೆ ಸ್ವಲ್ಪ ಬೇಜಾರೂ ಇದೆ. "ಎಂತ ಮಾಡದು" ಎಂಬ ಸಮಾಧಾನ ಸಂದದ್ದು ಆ ಬೇಜಾರಿಗೆ. ನಿಘಂಟು ಹಿಡಿದುಕೊಂಡು ಕೂತರೆ ಇದರಲ್ಲಿ ಒಂದೂ ಸಿಗುವುದಿಲ್ಲ.

ಬ್ರಿಟಿಷ್ ತತ್ತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಎತ್ತಿಕೊಂಡದ್ದು ಇದೇ ಸಮಸ್ಯೆಯನ್ನು. ಮಾತಾಡುವಾಗ ಇಬ್ಬರೂ ಒಳಗೊಳಗೇ ಒಂದು ಕರಾರು ಮಾಡಿಕೊಂಡಿರುತ್ತಾರೆ ಎಂದರು ಅವರು: ಬೇಕಾದಷ್ಟು ಹೇಳು, ನಿಜ ಹೇಳು, ಸಂದರ್ಭಕ್ಕೆ ಸರಿಯಾಗಿ ಹೇಳು, ತಿಳಿಯುವ ಹಾಗೆ ಹೇಳು. ಎದುರಿನವರು ಮೇಲ್ನೋಟಕ್ಕೆ ಕರಾರು ಮುರಿದರೂ ನಾವು "ಇವನಿಗೆ ತಲೆ ಸರಿಯಿಲ್ಲ" ಎನ್ನುವುದಿಲ್ಲ. ಮದುವೆಯ ಸುದ್ದಿಯನ್ನು ಇಲ್ಲಿ ಯಾಕೆ ತಂದರು ಎಂದು ಹುಡುಕುತ್ತೇವೆ, ಖಾಲಿ ಜಾಗವನ್ನು ನಾವೇ ತುಂಬುತ್ತೇವೆ.

ಹೀಗೆ ತುಂಬಿದ ಅರ್ಥವನ್ನು ಗುರುತಿಸಲು ಗ್ರೈಸ್ ಒಂದು ಪರೀಕ್ಷೆ ಕೊಟ್ಟರು. ಅಂಥ ಅರ್ಥವನ್ನು ಹಿಂತೆಗೆದುಕೊಳ್ಳಬಹುದು. "ಮದುವೆ ಬಂತಲ್ಲ, ಆದರೂ ಸಾಲ ತಂದು ದಾಟಿಸಿದೆ, ಅಡಿಕೆ ಅಟ್ಟದ ಮೇಲೇ ಇದೆ" ಎಂದರೆ ಯಾರೂ ಮುಖ ಮುಖ ನೋಡಿಕೊಳ್ಳುವುದಿಲ್ಲ. "ಮಾರಿದೆ, ಆದರೆ ಮಾರಲಿಲ್ಲ" ಎಂದರೆ ನೋಡಿಕೊಳ್ಳುತ್ತಾರೆ. ಆಡಿದ್ದಕ್ಕೆ ಆಡಿದವರು ಹೊಣೆ. ಸೂಚಿಸಿದ್ದರಿಂದ ಯಾವಾಗ ಬೇಕಾದರೂ ಜಾರಿಕೊಳ್ಳಬಹುದು. ಜಾಹೀರಾತು ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಡಬ್ಬಿಯ ಮೇಲೆ "ನೂರಕ್ಕೆ ನೂರು ನೈಸರ್ಗಿಕ" ಎಂದಿರುತ್ತದೆ, "ಅಪಾಯವಿಲ್ಲ" ಎಂದಿರುವುದಿಲ್ಲ. ಅದನ್ನು ಸೇರಿಸಿ ಓದುವವರು ನಾವು. ನಮ್ಮ ಬೆಟ್ಟದ ಕಾಸರಕನ ಬೀಜವೂ ನೂರಕ್ಕೆ ನೂರು ನೈಸರ್ಗಿಕವೇ, ಒಳಗಿರುವುದು ಸ್ಟ್ರಿಕ್ನಿನ್ ಎಂಬ ವಿಷ.

ಗ್ರೈಸ್‌ಗಿಂತ ಸಾವಿರ ವರ್ಷ ಮೊದಲೇ, ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಕಾವ್ಯಮೀಮಾಂಸಕ ಆನಂದವರ್ಧನ ಹೀಗೆ ಆಡದೆ ಸೂಚಿಸುವ ಅರ್ಥವನ್ನು ಧ್ವನಿ ಎಂದು ಕರೆದ. ಅದೇ ಶತಮಾನದ ನಮ್ಮ ಕವಿರಾಜಮಾರ್ಗವೂ ಧ್ವನಿಯನ್ನು ಒಂದು ಅಲಂಕಾರವಾಗಿ ಹೆಸರಿಸುತ್ತದೆ. ಮುಂದೆ ಇನ್ನೊಬ್ಬ ಕಾವ್ಯಮೀಮಾಂಸಕ ಮಮ್ಮಟ ಕೊಟ್ಟ ಉದಾಹರಣೆ ನನಗೆ ಬಲು ಇಷ್ಟ: "ಸೂರ್ಯ ಮುಳುಗಿದ." ದನ ಕಾಯುವವನಿಗೆ ಅದು "ದನ ಹೊಡೆದುಕೊಂಡು ಹೋಗು", ಸಂಧ್ಯಾವಂದನೆಯವನಿಗೆ "ಏಳು", ಅಂಗಡಿಯವನಿಗೆ "ಸಾಮಾನು ಒಳಗಿಡು." ಅರ್ಥ ಬದಲಾಗಲು ಏನೇನು ಕಾರಣ ಎಂದು ಅವನು ಒಂದು ಪಟ್ಟಿಯನ್ನೇ ಕೊಡುತ್ತಾನೆ. ಹೇಳುವವನು, ಕೇಳುವವನು, ದನಿಯ ಏರಿಳಿತ, ಸಂದರ್ಭ, ಕಾಲ, ಜೊತೆಗೆ ದೇಶ, ಅಂದರೆ ಜಾಗ. ಈ ಜಾಗಕ್ಕೆ ಗ್ರೈಸ್ ಇನ್ನಷ್ಟು ಜಾಗ ಕೊಡಬೇಕಿತ್ತು ಎಂದು ನನ್ನ ತಕರಾರು.

ಯಾಕೆಂದರೆ ನಾನು ಪೆಟ್ಟು ತಿಂದದ್ದು ಅಲ್ಲೇ. ಮೈಸೂರಿನಲ್ಲಿ ಸ್ನೇಹಿತರ ಮನೆಯಲ್ಲಿ ಊಟ. ಹೋಳಿಗೆ ಹೇಗಿದೆ ಎಂದು ಅವರ ತಾಯಿ ಕೇಳಿದರು. "ಅಡ್ಡಿಲ್ಲ" ಅಂದೆ. ಅವರ ಮುಖ ಸಣ್ಣದಾಯಿತು. ಅಡ್ಡಿಲ್ಲ ಎಂದರೆ ಅಕ್ಷರಶಃ ತೊಂದರೆಯೇನಿಲ್ಲ, ಹೇಗೋ ತಿನ್ನಬಹುದು. ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನುತ್ತಿದ್ದ, ಅನ್ನಲಿಲ್ಲ, ಆದ್ದರಿಂದ ಚೆನ್ನಾಗಿಲ್ಲ: ಅವರು ಹಾಕಿದ ಲೆಕ್ಕ ಗ್ರೈಸ್ ಪ್ರಕಾರ ಪೂರ್ತಿ ಸರಿ. ಆದರೆ ಶಿರಸಿಯಲ್ಲಿ ಎಲೆಯ ಮುಂದೆ ಕೂತವರು "ಅಡ್ಡಿಲ್ಲೆ" ಎಂದು ಸ್ವಲ್ಪ ಎಳೆದು ಹೇಳಿದರೆ ಬಡಿಸುವವರು ಇನ್ನೊಂದು ಹೋಳಿಗೆ ತರುತ್ತಾರೆ. ನಮ್ಮಲ್ಲಿ ಹೊಗಳಿಕೆ ಅಷ್ಟಕ್ಕೇ ನಿಲ್ಲುತ್ತದೆ. ಲೆಕ್ಕದ ಕ್ರಮ ಎರಡೂ ಕಡೆ ಒಂದೇ, ಶುರುವಾಗುವ ಅಂಕಿ ಬೇರೆ. ಕಾರವಾರದ ಕೊಂಕಣಿ ಮನೆಗಳಲ್ಲಿ ಹೊರಡುವವರು "ಯೇತಾಂ", ಅಂದರೆ "ಬರ್ತೇನೆ" ಎನ್ನುತ್ತಾರೆ, ನಾವೂ ಹಾಗೇ. ಅದನ್ನು ಕೇಳಿ ಯಾರೂ ದಾರಿ ಕಾಯುವುದಿಲ್ಲ.

ವೇಷ, ಕುಣಿತವಿಲ್ಲದೆ ಕೂತು ಮಾತಾಡುವ ಯಕ್ಷಗಾನವಾದ ತಾಳಮದ್ದಲೆಯಲ್ಲಂತೂ ಈ ತುಂಬುವ ಕೆಲಸವೇ ಒಂದು ಕಲೆ. ಭಾಗವತರು ನಾಲ್ಕು ಸಾಲಿನ ಪದ ಹಾಡಿ ನಿಲ್ಲಿಸುತ್ತಾರೆ, ಅರ್ಧ ಗಂಟೆಯ ಮಾತು ಅದರೊಳಗಿಂದ ಹೊರಡುತ್ತದೆ. ಆ ಮಾತಿಗೆ ನಮ್ಮವರು ಇಟ್ಟ ಹೆಸರು "ಅರ್ಥ", ಆಡುವವರು ಅರ್ಥಧಾರಿ. ಒಂದೇ ಪದಕ್ಕೆ ಇವತ್ತಿನ ಅರ್ಥ ನಾಳೆ ಇರುವುದಿಲ್ಲ, ಎದುರು ಯಾರು ಕೂತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ.

ಇನ್ನು ಸಣ್ಣ ಸಣ್ಣ ಪ್ರತ್ಯಯಗಳು. "ದರ ಏರಿದೆ" ಎಂದರೆ ನಾನು ಹೊಣೆ. "ಏರಿದೆಯಂತೆ" ಎಂದರೆ ಯಾರೋ ಹೊಣೆ. ಹವ್ಯಕದಲ್ಲಿ ಈ "ಅಂತೆ" ಬರೀ "ಅಡ" ಆಗುತ್ತದೆ: "ಏರಿದ್ದಡ." ಕೊಲಂಬಿಯಾ-ಬ್ರೆಜಿಲ್ ಗಡಿಯ ತುಯೂಕಾ ಭಾಷೆಯಲ್ಲಿ ಇದು ಆಯ್ಕೆಯಲ್ಲ, ವ್ಯಾಕರಣ. ಕಣ್ಣಾರೆ ಕಂಡದ್ದೋ, ಸದ್ದು ಕೇಳಿದ್ದೋ, ಕುರುಹು ನೋಡಿ ಊಹಿಸಿದ್ದೋ, ಬೇರೆಯವರು ಹೇಳಿದ್ದೋ, ಸಾಮಾನ್ಯವಾಗಿ ಹಾಗೇ ಇರುತ್ತದೆ ಎಂದು ಭಾವಿಸಿದ್ದೋ ಎಂದು ಕ್ರಿಯಾಪದವೇ ಹೇಳಬೇಕು. ಪೇಟೆಯ ಗಾಳಿಸುದ್ದಿಗೆ ಇಂಥ ವ್ಯಾಕರಣ ಕಡ್ಡಾಯವಾದರೆ ಚಲೋ ಇತ್ತು.

ಮಾತಿಲ್ಲದ ಜಾಗಕ್ಕೂ ಅರ್ಥವಿದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆಯಿತು. ಹೌದು-ಅಲ್ಲ ಪ್ರಶ್ನೆ ಮುಗಿದ ಮೇಲೆ ಉತ್ತರ ಶುರುವಾಗಲು ಸರಾಸರಿ 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೇ ಒಂದು ಪಾಲು. ಜಪಾನಿಯರು ಎಲ್ಲರಿಗಿಂತ ಬೇಗ, ಡೇನಿಶರು ಎಲ್ಲರಿಗಿಂತ ತಡ. ವಿಚಿತ್ರವೆಂದರೆ, ಚಿತ್ರ ನೋಡಿ ಒಂದೇ ಒಂದು ಪದ ಹೇಳಲು ಮಿದುಳಿಗೆ ಸುಮಾರು 600 ಮಿಲಿಸೆಕೆಂಡು ಬೇಕು. ಅಂದರೆ ಎದುರಿನವರ ವಾಕ್ಯ ಮುಗಿಯುವ ಮೊದಲೇ ನಾವು ಅದರ ಕೊನೆಯನ್ನು ಊಹಿಸಿ ಉತ್ತರ ಕಟ್ಟುತ್ತಿರುತ್ತೇವೆ. ಕ್ರಿಯಾಪದ ಕೊನೆಗೆ ಬರುವ ಕನ್ನಡದಲ್ಲಿ ಇದು ಸಣ್ಣ ಸಾಹಸವಲ್ಲ. ಅದೇ ಅಧ್ಯಯನದಲ್ಲಿ "ಹೌದು" ಬೇಗ ಬಂತು, "ಅಲ್ಲ" ತಡವಾಗಿ. ಆದ್ದರಿಂದ ತಡವೇ ಒಂದು ಸುದ್ದಿ.

ಮೊನ್ನೆ ಕೊನೆಗೌಡರಿಗೆ ಫೋನ್ ಮಾಡಿದೆ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಇಳಿಸುವವರು ನಮ್ಮೂರ ಸುತ್ತಮುತ್ತ ಈಗ ಕೆಲವರೇ.

"ಗೌಡ್ರೇ, ನಾಳೆ ಬರ್ತ್ರಾ?"

ಆ ಕಡೆ ಸದ್ದಿಲ್ಲ. ಒಂದು ಸೆಕೆಂಡು ಇದ್ದೀತು.

"ನೋಡ್ವ..."

ನಾನು ಏನೂ ಹೇಳಲಿಲ್ಲ. ಒಳಗೆ ಒಲೆಯ ಮುಂದಿದ್ದ ಹೆಂಡತಿಗೆ ಗೌಡರ ದನಿ ಕೇಳುವಂತಿರಲಿಲ್ಲ, ಕೇಳಿದ್ದು ನನ್ನ ಪ್ರಶ್ನೆ, ಆಮೇಲಿನ ನನ್ನ ಮೌನ ಮಾತ್ರ.

"ಬತ್ನಿಲ್ಯಡಾ?" ಎಂದು ಅಲ್ಲಿಂದಲೇ ಕೇಳಿದಳು. ಗೌಡರು ಇನ್ನೂ ಫೋನ್ ಇಟ್ಟಿರಲಿಲ್ಲ.