ಉತ್ತರ ಕೊಡದವರು ಏನು ಹೇಳುತ್ತಿದ್ದರು?

1936ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಎಂಬ ವಾರಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಣಕು ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ತುಂಬಿ ವಾಪಸು ಕಳಿಸಿದರು. ಎಣಿಸಿ ನೋಡಿದರೆ ರಿಪಬ್ಲಿಕನ್ ಪಕ್ಷದ ಆಲ್ಫ್ ಲ್ಯಾಂಡನ್ ಅವರದೇ ಗೆಲುವು. ಅಧಿಕಾರದಲ್ಲಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಗೆ ಸಿಕ್ಕಿದ್ದು ಶೇ 43ರಷ್ಟು ಬೆಂಬಲ ಮಾತ್ರ. ನಿಜವಾದ ಚುನಾವಣೆಯಲ್ಲಿ ರೂಸ್‌ವೆಲ್ಟ್ ಶೇ 60 ದಾಟಿದರು, 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಹಿಂದಿನ ಹಲವು ಚುನಾವಣೆಗಳ ಫಲಿತಾಂಶವನ್ನು ಸರಿಯಾಗಿ ಹೇಳಿದ್ದ ಆ ಪತ್ರಿಕೆ ಎರಡೇ ವರ್ಷಗಳಲ್ಲಿ ಮುಚ್ಚಿಹೋಯಿತು.

ಜಾರ್ಜ್ ಗ್ಯಾಲಪ್ ಎಂಬ ಸಮೀಕ್ಷಕ ಇದಕ್ಕಿಂತ ಎಷ್ಟೋ ಸಣ್ಣ ಮಾದರಿ ಇಟ್ಟುಕೊಂಡು ರೂಸ್‌ವೆಲ್ಟ್ ಗೆಲ್ಲುತ್ತಾರೆ ಎಂದಿದ್ದ. ಅಷ್ಟಕ್ಕೇ ಸುಮ್ಮನಾಗದೆ, ಡೈಜೆಸ್ಟ್ ಬಳಸಲಿದ್ದಂಥ ಪಟ್ಟಿಗಳಿಂದಲೇ ಸುಮಾರು ಮೂರು ಸಾವಿರ ಜನರನ್ನು ಆರಿಸಿ ಕಾರ್ಡು ಕಳಿಸಿ, ಆ ಪತ್ರಿಕೆ ಯಾವ ತಪ್ಪು ಉತ್ತರ ಪ್ರಕಟಿಸಲಿದೆ ಎಂಬುದನ್ನೂ ತಿಂಗಳುಗಳ ಮೊದಲೇ ಹೇಳಿಬಿಟ್ಟ. ಅವನ ಅಂದಾಜು ಶೇ 44, ಪತ್ರಿಕೆಗೆ ಸಿಕ್ಕಿದ್ದು 43. ಎದುರಾಳಿಯ ತಪ್ಪನ್ನು ಇಷ್ಟು ನಿಖರವಾಗಿ ಮೊದಲೇ ಊಹಿಸಿದ್ದು ಚುನಾವಣೆಯ ಫಲಿತಾಂಶ ಊಹಿಸಿದ್ದಕ್ಕಿಂತ ದೊಡ್ಡ ಸಾಧನೆ ಎಂದು ನನಗನ್ನಿಸುತ್ತದೆ.

ಡೈಜೆಸ್ಟ್ ಎಡವಿದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಅದರ ವಿಳಾಸದ ಪಟ್ಟಿ. ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ ಹೆಸರು ತೆಗೆದುಕೊಂಡಿದ್ದರು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಫೋನು, ಕಾರು ಇದ್ದವರು ಉಳ್ಳವರು, ಅವರ ಒಲವು ಲ್ಯಾಂಡನ್ ಕಡೆಗೆ. ಈ ವಿವರಣೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಮತಪತ್ರ ತಲುಪಿದವರ ಪೈಕಿ ಕಾಲು ಭಾಗಕ್ಕಿಂತ ಕಡಿಮೆ ಜನ ಉತ್ತರಿಸಿದ್ದರು. ನಂತರ ನಡೆದ ವಿಶ್ಲೇಷಣೆಗಳ ಪ್ರಕಾರ, ಮತಪತ್ರ ಕೈಸೇರಿದವರೆಲ್ಲ ಉತ್ತರಿಸಿದ್ದರೆ ಅದೇ ಓರೆಯಾದ ಪಟ್ಟಿಯಿಂದಲೂ ರೂಸ್‌ವೆಲ್ಟ್ ಮುಂದಿದ್ದಾರೆಂಬುದು ಕಾಣುತ್ತಿತ್ತು. ಸರ್ಕಾರದ ಮೇಲೆ ಸಿಟ್ಟಿದ್ದವರು ಪೆನ್ನು ತೆಗೆದರು, ತೃಪ್ತರಾಗಿದ್ದವರಲ್ಲಿ ಬಹಳಷ್ಟು ಮಂದಿ ಕಾಗದವನ್ನು ಪಕ್ಕಕ್ಕಿಟ್ಟರು.

ಹಾಗಾದರೆ ಎಷ್ಟು ಜನರನ್ನು ಕೇಳಿದರೆ ಸಾಕು? ಗಣಿತ ಹೇಳುವುದನ್ನು ನಂಬಲು ಸ್ವಲ್ಪ ಕಷ್ಟ. ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಸಮಾನ ಅವಕಾಶ ಇರುವಂತೆ ಚೀಟಿ ಎತ್ತಿ ಸಾವಿರ ಜನರನ್ನು ಆರಿಸಿದರೆ, ಸಿಗುವ ಶೇಕಡಾವಾರು ಉತ್ತರ ನಿಜಕ್ಕಿಂತ ಹೆಚ್ಚೆಂದರೆ ಸುಮಾರು ಮೂರು ಅಂಶ ಆಚೀಚೆ ಇರುತ್ತದೆ. ಇಂಥ ನೂರು ಸಮೀಕ್ಷೆ ನಡೆಸಿದರೆ ತೊಂಬತ್ತೈದರಲ್ಲಿ ಈ ಮಾತು ನಿಲ್ಲುತ್ತದೆ. ಇದಕ್ಕೊಂದು ಸುಲಭ ಲೆಕ್ಕವಿದೆ: ಮಾದರಿಯ ಗಾತ್ರದ ವರ್ಗಮೂಲದಿಂದ ಒಂದನ್ನು ಭಾಗಿಸಿ. ಸಾವಿರದ ವರ್ಗಮೂಲ ಸುಮಾರು 32, ಒಂದನ್ನು 32ರಿಂದ ಭಾಗಿಸಿದರೆ ಶೇ 3. ಆ ದೋಷವನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಜನ ಬೇಕು. ಈ ಲೆಕ್ಕದಲ್ಲಿ ಜನಸಂಖ್ಯೆಯ ಪ್ರಸ್ತಾಪವೇ ಇಲ್ಲ ಎಂಬುದನ್ನು ಗಮನಿಸಿ. ಹತ್ತು ಲಕ್ಷ ಜನರ ನಗರಕ್ಕೂ ನೂರು ಕೋಟಿ ಜನರ ದೇಶಕ್ಕೂ ಸಾವಿರದ ಮಾದರಿ ಕೊಡುವ ನಿಖರತೆ ಹೆಚ್ಚುಕಡಿಮೆ ಒಂದೇ.

ಆದರೆ ಲೆಕ್ಕವೆಲ್ಲ ನಿಂತಿರುವುದು ‘ಚೀಟಿ ಎತ್ತಿ’ ಎಂಬ ಮಾತಿನ ಮೇಲೆ. ಇದರ ಪಾಠ ಗ್ಯಾಲಪ್‌ಗೂ ಆಯಿತು. 1948ರ ಅಧ್ಯಕ್ಷ ಚುನಾವಣೆಯ ವೇಳೆ ಅವನೂ ಇತರರೂ ಕೋಟಾ ಪದ್ಧತಿ ಅನುಸರಿಸುತ್ತಿದ್ದರು: ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಂತಿಷ್ಟು ವಯಸ್ಸಿನವರು ಎಂದು ಸಮೀಕ್ಷಕರಿಗೆ ಪಟ್ಟಿ ಕೊಟ್ಟು, ಆ ಲೆಕ್ಕದೊಳಗೆ ಯಾರನ್ನು ಬೇಕಾದರೂ ಕೇಳಿಕೊಂಡು ಬನ್ನಿ ಎನ್ನುವುದು. ಸಮೀಕ್ಷಕರೂ ಮನುಷ್ಯರೇ, ಸುಲಭವಾಗಿ ಸಿಗುವ, ಹಸನ್ಮುಖದಿಂದ ಮಾತಾಡುವವರನ್ನೇ ಹುಡುಕಿದರು. ಜೊತೆಗೆ ಮತದಾನಕ್ಕೆ ಬಹಳ ಮುಂಚೆಯೇ ಸಮೀಕ್ಷೆ ನಿಲ್ಲಿಸಿದ್ದರು. ಥಾಮಸ್ ಡ್ಯೂಯಿ ಗೆಲ್ಲುತ್ತಾರೆಂದು ಎಲ್ಲರೂ ಬರೆದರು, ಗೆದ್ದದ್ದು ಹ್ಯಾರಿ ಟ್ರೂಮನ್.

ಸಮೀಕ್ಷಕರ ಕೈಯಿಂದ ಆಗುವ ತಪ್ಪನ್ನು ಹಿಡಿಯಲು ಭಾರತದ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಗಳಲ್ಲಿ ಒಂದು ಜಾಣ ಉಪಾಯ ಹೂಡಿದ್ದರು. ಮಾದರಿಯನ್ನು ಎರಡು ಪಾಲು ಮಾಡಿ, ಎರಡೂ ಪಾಲುಗಳನ್ನು ಒಂದೇ ಪ್ರದೇಶದಲ್ಲಿ ಹಾಸುಹೊಕ್ಕಾಗಿ ಹರಡಿ, ಬೇರೆ ಬೇರೆ ತಂಡಗಳಿಂದ ಅಳೆಸುವುದು. ಎರಡರ ಉತ್ತರ ಹತ್ತಿರವಿದ್ದರೆ ಸರಿ. ದೂರವಿದ್ದರೆ ಅಳೆದವರ ಕೆಲಸದಲ್ಲಿ ಏನೋ ಎಡವಟ್ಟಾಗಿದೆ ಎಂದರ್ಥ. ತಪ್ಪು ಇರಬಹುದೆಂದು ಮೊದಲೇ ಒಪ್ಪಿಕೊಂಡು ಅದನ್ನು ಅಳೆಯಲು ಹೊರಡುವ ಈ ಬುದ್ಧಿ ಇಡೀ ಸಮೀಕ್ಷಾ ವಿಜ್ಞಾನದ ತಿರುಳು.

ಉತ್ತರ ಕೊಡದವರ ಸಮಸ್ಯೆ ಈಗ ಮೊದಲಿಗಿಂತ ಬಿಗಡಾಯಿಸಿದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ಶೇ 36ರಷ್ಟು ಜನ ಉತ್ತರಿಸುತ್ತಿದ್ದರು, 2018ರ ಹೊತ್ತಿಗೆ ಅದು ಶೇ 6ಕ್ಕೆ ಇಳಿಯಿತು. ಇದಕ್ಕೆ ಪರಿಹಾರವಾಗಿ ಉತ್ತರಗಳಿಗೆ ತೂಕ ಕೊಡುತ್ತಾರೆ. ಯುವಕರು ಜನಸಂಖ್ಯೆಯಲ್ಲಿ ಶೇ 30 ಇದ್ದು ಮಾದರಿಯಲ್ಲಿ ಶೇ 15 ಮಾತ್ರ ಇದ್ದರೆ, ಪ್ರತಿ ಯುವಕನ ಉತ್ತರವನ್ನೂ ಎರಡಾಗಿ ಎಣಿಸಿ, ಉಳಿದವರದನ್ನು ಅದಕ್ಕೆ ತಕ್ಕಂತೆ ಒಂದಕ್ಕಿಂತ ಸ್ವಲ್ಪ ಕಡಿಮೆಯಾಗಿ ಎಣಿಸುವುದು. ಯಾವ ಗುಣಕ್ಕೆ ತೂಕ ಕೊಡಬೇಕೆಂಬ ಆಯ್ಕೆಯಲ್ಲೇ ಅಪಾಯ ಅಡಗಿದೆ. 2016ರಲ್ಲಿ ಅಮೆರಿಕದ ಹಲವು ರಾಜ್ಯಮಟ್ಟದ ಸಮೀಕ್ಷೆಗಳು ಶಿಕ್ಷಣಕ್ಕೆ ತೂಕ ಕೊಡದೆ ಎಡವಿದವು, ಏಕೆಂದರೆ ಹೆಚ್ಚು ಓದಿದವರು ಸಮೀಕ್ಷೆಗಳಿಗೆ ಹೆಚ್ಚಾಗಿ ಉತ್ತರಿಸುತ್ತಾರೆ, ಮತ್ತು ಆ ವರ್ಷ ಮತದ ಒಲವು ಓದಿಗೆ ತಕ್ಕಂತೆ ಬದಲಾಗಿತ್ತು. 2021ರಲ್ಲಿ ಕೋವಿಡ್ ಲಸಿಕೆಯ ಕುರಿತು ಫೇಸ್‌ಬುಕ್ ಮೂಲಕ ನಡೆದ ಒಂದು ಸಮೀಕ್ಷೆಗೆ ವಾರಕ್ಕೆ ಸುಮಾರು ಎರಡೂವರೆ ಲಕ್ಷ ಉತ್ತರಗಳು ಬರುತ್ತಿದ್ದವು. ಆದರೂ ಲಸಿಕೆ ಪಡೆದವರ ಪ್ರಮಾಣವನ್ನು ಅದು ಮೇ ತಿಂಗಳಲ್ಲಿ 17 ಶೇಕಡಾ ಅಂಶಗಳಷ್ಟು ಹೆಚ್ಚಾಗಿ ತೋರಿಸಿತು. ಅದೇ ಕಾಲದಲ್ಲಿ ಜಾಗ್ರತೆಯಿಂದ ಆರಿಸಿದ ಸುಮಾರು ಸಾವಿರ ಜನರ ಸಮೀಕ್ಷೆಯೊಂದು ನಿಜಕ್ಕೆ ಹತ್ತಿರವಿತ್ತು. ಲಕ್ಷಗಟ್ಟಲೆ ಉತ್ತರ ಬಂದಾಗ ದೋಷದ ಪ್ರಮಾಣ ಕಾಗದದ ಮೇಲೆ ಸೊನ್ನೆಗೆ ಸಮೀಪವಾಗುತ್ತದೆ. ತಪ್ಪು ಉತ್ತರದ ಮೇಲೆ ಅಷ್ಟು ಗಟ್ಟಿ ನಂಬಿಕೆ ಹುಟ್ಟಲು ಇಷ್ಟು ಸಾಕು.

ಸರಿಯಾದ ಜನರನ್ನೇ ಹಿಡಿದೆವು ಎಂದಿಟ್ಟುಕೊಳ್ಳೋಣ. ಇನ್ನು ಏನು ಕೇಳುವುದು, ಹೇಗೆ ಕೇಳುವುದು? ಈ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗ ಇದೇ.

1940ರ ಸುಮಾರಿಗೆ ಅಮೆರಿಕದಲ್ಲಿ ಒಂದು ಗುಂಪಿಗೆ, ಪ್ರಜಾಪ್ರಭುತ್ವದ ವಿರುದ್ಧ ಸಾರ್ವಜನಿಕ ಭಾಷಣ ಮಾಡಲು ಅವಕಾಶ ಕೊಡಬೇಕೇ ಎಂದು ಕೇಳಿದರು. ಕೊಡಬಾರದು ಎಂದವರು ಶೇ 62. ಅಂಥದೇ ಇನ್ನೊಂದು ಗುಂಪಿಗೆ, ಇಂಥ ಭಾಷಣಗಳನ್ನು ನಿಷೇಧಿಸಬೇಕೇ ಎಂದು ಕೇಳಿದರು. ನಿಷೇಧಿಸಬೇಕು ಎಂದವರು ಶೇ 46. ತರ್ಕದಲ್ಲಿ ಎರಡೂ ಒಂದೇ. ಅವಕಾಶ ಕೊಡದಿರುವುದು ಜನರಿಗೆ ಹಗುರಾಗಿ ಕೇಳಿಸಿತು, ನಿಷೇಧ ಭಾರವಾಗಿ ಕೇಳಿಸಿತು.

ಪ್ರಶ್ನೆಗಳ ಕ್ರಮ ಇನ್ನೂ ಹೆಚ್ಚು ಆಟ ಆಡಿಸುತ್ತದೆ. ಶೀತಲ ಸಮರದ ಆರಂಭದಲ್ಲಿ, 1948ರಲ್ಲಿ, ಕಮ್ಯುನಿಸ್ಟ್ ದೇಶಗಳ ವರದಿಗಾರರನ್ನು ಅಮೆರಿಕದೊಳಗೆ ಬಿಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಗೆ ಹೌದು ಎಂದವರು ಶೇ 36. ಇನ್ನೊಂದು ಗುಂಪಿಗೆ ಮೊದಲು, ಅಮೆರಿಕದ ವರದಿಗಾರರನ್ನು ರಷ್ಯಾ ಒಳಗೆ ಬಿಟ್ಟುಕೊಳ್ಳಬೇಕೇ ಎಂದು ಕೇಳಿ, ಆಮೇಲೆ ಇದನ್ನು ಕೇಳಿದರು. ಹೌದು ಎಂದವರು ಶೇ 73! ನಮ್ಮವರಿಗೆ ಅಲ್ಲಿ ಬಾಗಿಲು ತೆರೆಯಬೇಕು ಎಂದು ಈಗಷ್ಟೇ ಹೇಳಿದವನಿಗೆ, ಅವರ ಕಡೆಯವರಿಗೆ ಇಲ್ಲಿ ಬಾಗಿಲು ಮುಚ್ಚಿ ಎನ್ನಲು ನಾಲಗೆ ತಡೆಯಿತು. ಇವೆರಡರಲ್ಲಿ ನಿಜವಾದ ಜನಾಭಿಪ್ರಾಯ ಯಾವುದು? ಎರಡೂ ನಿಜ ಎನ್ನುವುದು ನನ್ನ ಉತ್ತರ. ಅಭಿಪ್ರಾಯ ತಲೆಯೊಳಗೆ ಸಿದ್ಧವಾಗಿ ಕೂತಿರುವುದಿಲ್ಲ. ಬಹಳ ಸಲ ಕೇಳಿದ ಕ್ಷಣದಲ್ಲಿ, ಆ ಹೊತ್ತಿಗೆ ನೆನಪಿಗೆ ಬಂದ ಸಾಮಗ್ರಿಯಿಂದ ತಯಾರಾಗುತ್ತದೆ.

ಇಲ್ಲದ ಸಂಗತಿಯ ಬಗ್ಗೆಯೂ ಅಭಿಪ್ರಾಯ ತಯಾರಾಗುತ್ತದೆ. ಸಿನ್ಸಿನಾಟಿಯ ಸಂಶೋಧಕರು 1970ರ ದಶಕದಲ್ಲಿ ‘1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆ’ ರದ್ದಾಗಬೇಕೇ ಎಂದು ಜನರನ್ನು ಕೇಳಿದರು. ಅಂಥ ಕಾಯ್ದೆಯೇ ಇರಲಿಲ್ಲ. ಆದರೂ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಪರವಾಗಿಯೋ ವಿರೋಧವಾಗಿಯೋ ಅಭಿಪ್ರಾಯ ಕೊಟ್ಟರು. ‘ಗೊತ್ತಿಲ್ಲ’ ಎಂಬ ಆಯ್ಕೆಯನ್ನು ಮೊದಲೇ ಎದುರಿಗಿಟ್ಟರೆ ಈ ಪ್ರಮಾಣ ಬಹಳ ಇಳಿಯುತ್ತದೆ. ಪತ್ರಿಕೆಯಲ್ಲಿ ಬಣ್ಣಬಣ್ಣದ ಚಿತ್ರದೊಂದಿಗೆ ಬರುವ ಎಷ್ಟೋ ಸಮೀಕ್ಷೆಗಳಲ್ಲಿ ಆ ಆಯ್ಕೆ ಕಾಣಿಸುವುದೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಇದೆ: ಉತ್ತರ ಚೆನ್ನಾಗಿ ಗೊತ್ತು, ಹೇಳಲು ಸಂಕೋಚ. ತೆರಿಗೆ ತಪ್ಪಿಸಿದ್ದೀರಾ ಎಂದರೆ ಯಾರು ಒಪ್ಪುತ್ತಾರೆ? 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬ ಸಂಖ್ಯಾಶಾಸ್ತ್ರಜ್ಞ ಇದಕ್ಕೊಂದು ದಾರಿ ತೋರಿದ. ಅದರ ಒಂದು ಸರಳ ರೂಪ ಹೀಗಿದೆ. ಉತ್ತರಿಸುವವರು ಗುಟ್ಟಾಗಿ ನಾಣ್ಯ ಚಿಮ್ಮಬೇಕು. ಹೆಡ್ಸ್ ಬಿದ್ದರೆ ನಿಜ ಏನೇ ಇರಲಿ ‘ಹೌದು’ ಎನ್ನಬೇಕು, ಟೇಲ್ಸ್ ಬಿದ್ದರೆ ನಿಜ ಹೇಳಬೇಕು. ಸಾವಿರ ಜನರಲ್ಲಿ ಆರುನೂರು ‘ಹೌದು’ ಬಂತೆನ್ನಿ. ಅದರಲ್ಲಿ ಸುಮಾರು ಐನೂರು ನಾಣ್ಯ ಹೇಳಿಸಿದ್ದು. ಉಳಿದ ನೂರು, ನಿಜ ಹೇಳಿದ ಐನೂರು ಮಂದಿಯಿಂದ ಬಂದದ್ದು. ಅಂದರೆ ತೆರಿಗೆ ತಪ್ಪಿಸಿದವರು ಶೇ 20. ಒಬ್ಬೊಬ್ಬರ ಗುಟ್ಟೂ ಗುಟ್ಟಾಗಿಯೇ ಉಳಿಯಿತು, ಒಟ್ಟು ಲೆಕ್ಕ ಮಾತ್ರ ಹೊರಬಿತ್ತು. ಗಣಿತದ ಇಷ್ಟು ಸೊಗಸಾದ ಕಿಲಾಡಿತನ ಸಮಾಜ ವಿಜ್ಞಾನದಲ್ಲಿ ಅಪರೂಪ.

ಗ್ರಾಹಕರ ಇಷ್ಟಾನಿಷ್ಟ ತಿಳಿಯುವಾಗ ಸಂಕೋಚಕ್ಕಿಂತ ದೊಡ್ಡ ತೊಡಕೆಂದರೆ ದುರಾಸೆ. ಫೋನಿನಲ್ಲಿ ನಿಮಗೆ ಬ್ಯಾಟರಿ ಮುಖ್ಯವೇ? ಹೌದು. ಕ್ಯಾಮೆರಾ? ಹೌದು. ಕಡಿಮೆ ಬೆಲೆ? ಖಂಡಿತ. ಎಲ್ಲವೂ ಮುಖ್ಯವಾದ ಉತ್ತರದಿಂದ ಯಾರಿಗೂ ಪ್ರಯೋಜನವಿಲ್ಲ. ಹಾಗಾಗಿ 1970ರ ದಶಕದ ಆರಂಭದಿಂದ ಮಾರುಕಟ್ಟೆ ಸಂಶೋಧಕರು ನೇರವಾಗಿ ಕೇಳುವುದನ್ನು ಬಿಟ್ಟು, ಆರಿಸಲು ಹೇಳತೊಡಗಿದರು. ಒಳ್ಳೆಯ ಕ್ಯಾಮೆರಾ, ಸಾಧಾರಣ ಬ್ಯಾಟರಿ, ಹೆಚ್ಚು ಬೆಲೆ ಇರುವ ಫೋನು ಒಂದು ಕಡೆ. ಸಾಧಾರಣ ಕ್ಯಾಮೆರಾ, ಎರಡು ದಿನ ಬಾಳುವ ಬ್ಯಾಟರಿ, ಕಡಿಮೆ ಬೆಲೆಯದು ಇನ್ನೊಂದು ಕಡೆ. ಒಂದನ್ನು ತೆಗೆದುಕೊಳ್ಳಿ. ಹೀಗೆ ಹತ್ತಾರು ಜೋಡಿಗಳನ್ನು ಬೇರೆ ಬೇರೆ ಮಿಶ್ರಣಗಳಲ್ಲಿ ತೋರಿಸಿದರೆ, ಯಾವ ಗುಣಕ್ಕಾಗಿ ಯಾವುದನ್ನು ಬಿಟ್ಟುಕೊಡುತ್ತಾರೆ ಎಂಬುದರಿಂದ ಪ್ರತಿ ಗುಣದ ಬೆಲೆಯನ್ನು ಲೆಕ್ಕ ಹಾಕಬಹುದು. ಎಷ್ಟೋ ಸಲ ಆ ಬೆಲೆ ಗ್ರಾಹಕರಿಗೇ ಗೊತ್ತಿರುವುದಿಲ್ಲ.

ಆದರೂ ಕೇಳದ ಪ್ರಶ್ನೆಗೆ ಯಾವ ವಿಧಾನವೂ ಉತ್ತರ ಕೊಡದು. 1985ರ ಏಪ್ರಿಲ್‌ನಲ್ಲಿ ಕೋಕಾ-ಕೋಲಾ ಕಂಪನಿ ತನ್ನ ಪಾನೀಯದ ರುಚಿಯನ್ನೇ ಬದಲಿಸಿತು. ಸುಮಾರು ಎರಡು ಲಕ್ಷ ಜನರಿಗೆ ರುಚಿ ತೋರಿಸಿ ನಡೆಸಿದ ಪರೀಕ್ಷೆಗಳಲ್ಲಿ ಹೊಸತೇ ಮೇಲೆಂದು ಬಂದಿತ್ತು. ಆದರೆ ಹೊಸತು ಬಂದರೆ ಹಳೆಯದು ಸಿಗುವುದಿಲ್ಲ ಎಂಬುದನ್ನು ಆ ಗುಟುಕಿನ ಪರೀಕ್ಷೆ ಮುಂದಿಟ್ಟಿರಲಿಲ್ಲ. ಜನ ರೊಚ್ಚಿಗೆದ್ದರು. ಮೂರು ತಿಂಗಳು ತುಂಬುವ ಮೊದಲೇ, ಜುಲೈನಲ್ಲಿ, ಕಂಪನಿ ಹಳೆಯ ರುಚಿಯನ್ನು ವಾಪಸು ತಂದಿತು.

ಇಲ್ಲಿ ಇನ್ನೊಂದು ಅಂತರವೂ ಇದೆ. ಸಮೀಕ್ಷೆಯಲ್ಲಿ ‘ಕೊಳ್ಳುತ್ತೇನೆ’ ಎನ್ನಲು ಜೇಬಿಗೆ ಕೈಹಾಕಬೇಕಿಲ್ಲ, ಆದ್ದರಿಂದ ಕೊಳ್ಳುತ್ತೇವೆ ಎಂದವರ ಸಂಖ್ಯೆ ನಿಜವಾಗಿ ಕೊಳ್ಳುವವರಿಗಿಂತ ಸಾಮಾನ್ಯವಾಗಿ ಹೆಚ್ಚು. ಅನುಭವಿ ಸಂಶೋಧಕರು ಹಿಂದಿನ ಉತ್ಪನ್ನಗಳ ಸಮೀಕ್ಷೆಯನ್ನೂ ಅವುಗಳ ನಿಜವಾದ ಮಾರಾಟವನ್ನೂ ಪಕ್ಕಪಕ್ಕದಲ್ಲಿಟ್ಟು, ಮಾತಿಗೂ ಖರೀದಿಗೂ ನಡುವಿನ ಆ ವ್ಯತ್ಯಾಸವನ್ನು ಮೊದಲೇ ಕಳೆದು ಲೆಕ್ಕ ಮಾಡುತ್ತಾರೆ. ಹಿಂದೆಂದೂ ಇಲ್ಲದ, ಹೋಲಿಸಲು ಇನ್ನೊಂದಿಲ್ಲದ ಹೊಸ ವಸ್ತುವಾದರೆ ಎಷ್ಟು ಕಳೆಯಬೇಕೆಂದು ಹೇಳಲು ಅವರ ಬಳಿ ಹಳೆಯ ಲೆಕ್ಕವಿರುವುದಿಲ್ಲ. ಆಗ ಒಂದು ಸಣ್ಣ ಪ್ರದೇಶದಲ್ಲಿ ಅದನ್ನು ನಿಜವಾಗಿಯೇ ಮಾರಿ ನೋಡುತ್ತಾರೆ.